ರಾಹುಕಾಲದಲ್ಲಿ ಹೊಸ ಫೈಲು

ಕರೆಂಟು ಹೋದರೆ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಯವರು ಬೀದಿಗೆ ಬಂದು ನಿಂತು ಬೀಡಿ ಹಚ್ಚುತ್ತಿದ್ದರು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಜಯರಾಮಯ್ಯನವರ ಕಂಪ್ಯೂಟರ್ ಸೆಂಟರಿನಲ್ಲಿ ಮಾತ್ರ ನಾಲ್ಕು ಹೆಂಗಸರು ಕೀಲಿಮಣೆಯ ಮೇಲಿನ ಕೈ ತೆಗೆಯದೆ ಕಪ್ಪಾದ ಪರದೆಯನ್ನೇ ನೋಡುತ್ತ ಕೂರುತ್ತಿದ್ದರು. ಅಲ್ಲಿಯವರೆಗೆ ಟೈಪ್ ಮಾಡಿದ್ದೆಲ್ಲ ಹೋಯಿತು. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ.

ಇದು ಎಂಬತ್ತೆಂಟರ ಮಾತು. ಬೆಂಗಳೂರಿನ ಒಂದು ಕಂಪನಿಯ ಎಂಜಿನಿಯರುಗಳು ಹಾಳೆಯ ಮೇಲೆ ಬರೆದು ಕಳಿಸುತ್ತಿದ್ದ ಪ್ರೋಗ್ರಾಮುಗಳನ್ನು ಈ ಹೆಂಗಸರು ಅಕ್ಷರ ತಪ್ಪದಂತೆ ಕಂಪ್ಯೂಟರಿಗೆ ಇಳಿಸಬೇಕಿತ್ತು. ಹಾಗೆ ಇಳಿಸಲು ಬೇಕಾದ ಎಡಿಟರನ್ನು ಬರೆದವಳು ಕಮಲ. ಕುಣಿಗಲ್ಲಿನಿಂದ ದಿನವೂ ಬಸ್ಸಿನಲ್ಲಿ ನಿಂತು ಬರುವ ಬಿ.ಎಸ್ಸಿ. ಹುಡುಗಿ. ಅವಳ ಎಡಿಟರ್ ಮೊದಲಿಗೆ ಮಾಡುತ್ತಿದ್ದದ್ದು ಇಷ್ಟೇ: ಬರೆಯುವುದು, ಅಳಿಸುವುದು, ಹುಡುಕುವುದು, ಫ್ಲಾಪಿಯ ಮೇಲೆ ಉಳಿಸುವುದು. ಬೆರಳು ಮುಟ್ಟಿದರೆ ಅಕ್ಷರ ಮೂಡುತ್ತಿತ್ತು.

ಆಮೇಲೆ ಜಯರಾಮಯ್ಯನವರಿಗೆ ಆಸೆಗಳು ಹುಟ್ಟಿದವು. ಶುರುವಿನಲ್ಲಿ ಲಕ್ಷ್ಮಿಯ ಚಿತ್ರ ಬರಬೇಕು, ಜೊತೆಗೆ ಗಂಟೆ ಬಾರಿಸಬೇಕು. ಮೂಲೆಯಲ್ಲಿ ಗಡಿಯಾರ. ಸುತ್ತ ಬಳ್ಳಿಯ ಅಂಚು. ಲೆಕ್ಕ ಮಾಡುವ ಯಂತ್ರ. ತಿಥಿ, ನಕ್ಷತ್ರ. ಸ್ವತಃ ಒಂದು ಸಾಲೂ ಟೈಪ್ ಮಾಡದ ಮನುಷ್ಯ, ಗಾಜಿನ ಕ್ಯಾಬಿನ್ನಿನಲ್ಲಿ ಫ್ಯಾನಿನ ಕೆಳಗೆ ಕೂತು ಒಂದೊಂದೇ ಹೇರುತ್ತ ಹೋದರು. ಕೊನೆಗೆ ಒಂದು ಅಪ್ಪಣೆ ಬಂತು: ರಾಹುಕಾಲದಲ್ಲಿ ಹೊಸ ಫೈಲು ಶುರುವಾಗಕೂಡದು. ಯಾರೇ ಪ್ರಯತ್ನಿಸಿದರೂ ಎಡಿಟರ್ ಒಪ್ಪಕೂಡದು.

"ಸಾರ್, ಟೈಪ್ ಮಾಡೋರಿಗೆ ಇದ್ಯಾವುದೂ ಬೇಡ" ಎಂದು ಕಮಲ ಅಂಗಲಾಚಿದ್ದಳು. "ಕರೆಂಟ್ ಹೋದ್ರೆ ಕೆಲಸ ಉಳೀಬೇಕು. ಅವರು ಕೇಳ್ತಿರೋದು ಅದೊಂದೇ."

"ಅದನ್ನೂ ಹಾಕಮ್ಮ, ಯಾರು ಬೇಡ ಅಂದ್ರು? ಇರೋದನ್ನ ಮಾತ್ರ ಮುಟ್ಟಬೇಡ. ಮನೇಲಿ ಸಾಮಾನು ಜಾಸ್ತಿ ಆಯ್ತು ಅಂತ ಯಾರಾದ್ರೂ ಅಳ್ತಾರಾ? ಬಂದೋರು ನೋಡಿ ಬಾಯಿ ಬಿಡಬೇಕು."

ಬಾಯಿ ಬಿಟ್ಟವರು ಹೆಂಗಸರು. ಬೆರಳು ಸಾಲಿನ ಕೊನೆ ಮುಟ್ಟಿದ್ದರೆ ಅಕ್ಷರ ಇನ್ನೂ ನಡುವೆ ತೆವಳುತ್ತಿರುತ್ತಿತ್ತು. ಅವರಲ್ಲಿ ಹಿರಿಯಳಾದ ವನಜಮ್ಮ ಎಡಿಟರಿಗೆ ಲೋಡ್ ಲಾರಿ ಎಂದು ಹೆಸರಿಟ್ಟಳು. "ಏನ್ಲೇ, ನಿನ್ ಲಾರಿ ದಿಬ್ಬ ಹತ್ತಿತಾ?" ಎಂದು ಪಕ್ಕದವಳನ್ನು ಕೇಳುವಳು. "ಇನ್ನೂ ಲಕ್ಷ್ಮಮ್ಮನ್ನೇ ಇಳಿಸ್ತಾ ಐತೆ ಕಣಕ್ಕ" ಎಂದು ಉತ್ತರ ಬರುವುದು.

ನಗದೆ ಇದ್ದವಳು ಹನುಮಂತಮ್ಮ. ಗುಬ್ಬಿ ತಾಲ್ಲೂಕಿನ ಚೇಳೂರಿನವಳು. ಎಸ್ಸೆಸ್ಸೆಲ್ಸಿ ಮುಗಿಸಿ ಟೈಪಿಂಗ್ ಕಲಿತು ಇಲ್ಲಿಗೆ ಸೇರಿದ್ದಳು. ಹೆಂಡತಿ ಸತ್ತ ಸೋದರಮಾವ ಬೆಟ್ಟಸ್ವಾಮಿಗೆ ಅವಳನ್ನು ಕಟ್ಟಲು ಮನೆಯಲ್ಲಿ ಎಲ್ಲ ತಯಾರಾಗಿತ್ತು. ತಡೆದಿದ್ದು ಈ ಕೆಲಸ ಒಂದೇ. "ಕೆಲಸ ಇರೋಗಂಟ ಇರ್ಲಿ ಬುಡು ಅಂದವ್ನೆ ನಮ್ಮಪ್ಪ" ಎಂದು ಅವಳೇ ಕಮಲಳಿಗೆ ಹೇಳಿದ್ದಳು. "ಹೋದ ದಿನವೇ ತಾಳಿ ಕಣಕ್ಕ. ಆವಯ್ಯನ ಮಗ ನನಗಿಂತ ದೊಡ್ಡೋನು."

ಕಮಲ ಮಾತು ಕೊಟ್ಟಳು. ಕರೆಂಟು ಯಾವಾಗ ಹೋದರೂ ಕೆಲಸ ಉಳಿಯುವ ಹಾಗೆ ಮಾಡುತ್ತೇನೆ. ಮಾಡಿದಳು ಕೂಡ, ಮೊದಲಿಗೆ ಹನುಮಂತಮ್ಮನ ಯಂತ್ರದಲ್ಲಿ ಮಾತ್ರ. ಈಗ ಎಡಿಟರ್ ತಾನೇ ಆಗಾಗ ಎಲ್ಲವನ್ನೂ ಫ್ಲಾಪಿಗೆ ಬರೆದಿಡುತ್ತಿತ್ತು. ಫ್ಲಾಪಿಯಲ್ಲಿ ಎರಡು ಪ್ರತಿಗೆ ಜಾಗವಿಲ್ಲ. ಹಾಗಾಗಿ ಹಳೆಯ ಫೈಲನ್ನು ಅಳಿಸಿ, ಆ ಜಾಗದಲ್ಲಿ ಹೊಸದನ್ನು ಬರೆಯುತ್ತಿತ್ತು. ಬುಧವಾರ, ಗುರುವಾರ ಬೆಳಿಗ್ಗೆ ಕರೆಂಟು ಹೋಗಿ ಬಂತು. ಎಲ್ಲವೂ ಇತ್ತು. ಹನುಮಂತಮ್ಮ ಕಮಲಳ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಶುಕ್ರವಾರ ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಬಂದ ಮೇಲೆ ಲಕ್ಷ್ಮಿ ಮೂಡಿದಳು, ಗಂಟೆ ಬಾರಿಸಿತು. ಹನುಮಂತಮ್ಮನ ಫ್ಲಾಪಿ ಬರಿದಾಗಿತ್ತು. ಆ ಬೆಳಗಿನದಷ್ಟೇ ಅಲ್ಲ, ವಾರವಿಡೀ ಕೂತು ಇಳಿಸಿದ್ದ ಇಡೀ ಪ್ರೋಗ್ರಾಮು. ಸೋಮವಾರ ಬೆಂಗಳೂರಿಗೆ ಹೋಗಬೇಕಿದ್ದದ್ದು.

"ಏನ್ ಒತ್ತಿದೆ ನೀನು?" ಜಯರಾಮಯ್ಯ ಕ್ಯಾಬಿನ್ನಿನಿಂದ ಎದ್ದು ಬಂದರು.

"ಏನೂ ಒತ್ಲಿಲ್ಲ ಸಾರ್. ನಮ್ಮವ್ವನಾಣೆ."

"ಹಳ್ಳಿಯಿಂದ ಕರ್ಕೊಂಡ್ ಬಂದು ಕೂರಿಸ್ಕೊಂಡಿದ್ದಕ್ಕೆ ಇದು ಸನ್ಮಾನ. ನಾಳೆ ಲೆಕ್ಕ ತೀರಿಸ್ಕೊಂಡು ಹೊರಡು."

ಹನುಮಂತಮ್ಮ ಅಳಲಿಲ್ಲ. ಹನ್ನೆರಡು ಹೊಡೆದದ್ದೇ ಹಾಳೆಗಳ ಕಟ್ಟನ್ನು ಬಿಚ್ಚಿ ಮೊದಲ ಸಾಲಿನಿಂದ ಟೈಪ್ ಮಾಡತೊಡಗಿದಳು. ಬೇಡ ಎಂದವರ ಕಡೆ ತಿರುಗಿಯೂ ನೋಡದೆ, ಸಂಜೆ ಬಸ್ಸಿನ ಹೊತ್ತಿನವರೆಗೆ. ಕಮಲಳಿಗೆ ಆ ಬೆರಳುಗಳ ಸದ್ದು ಕೇಳಲಾಗಲಿಲ್ಲ. ತನ್ನ ಪ್ರೋಗ್ರಾಮಿನ ಸಾಲುಗಳನ್ನು ಬಿಚ್ಚಿಕೊಂಡು ಹುಡುಕಿದಳು. ಬುಧವಾರ ಉಳಿದದ್ದು ಶುಕ್ರವಾರ ಯಾಕೆ ಹೋಯಿತು? ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಹಳೆಯ ಫೈಲನ್ನು ಎಡಿಟರ್ ಅಳಿಸಿತ್ತು. ಹೊಸದನ್ನು ಬರೆಯಲು ಹೋದಾಗ ರಾಹುಕಾಲ ಅಡ್ಡ ನಿಂತು, ಕೂಡದು ಎಂದಿತ್ತು. ಮಾತಾಡದೆ, ಎಚ್ಚರಿಸದೆ.

ಶನಿವಾರ ಬೆಳಿಗ್ಗೆ ಅವಳು ಜಯರಾಮಯ್ಯನವರನ್ನು ಹನುಮಂತಮ್ಮನ ಯಂತ್ರದ ಮುಂದೆ ಕೂರಿಸಿದಳು. ಅದರ ಗಡಿಯಾರವನ್ನು ಶುಕ್ರವಾರ ಹನ್ನೊಂದಕ್ಕೆ ತಿರುಗಿಸಿದಳು. ಹಳೆಯದೊಂದು ಫೈಲು ತೆರೆದು, ಸುಮ್ಮನೆ ಒಂದಿಷ್ಟು ಸಾಲು ಟೈಪ್ ಮಾಡಿ ಕಾದಳು. ಫ್ಲಾಪಿ ಗುರ್ ಎಂದಿತು. ಫೈಲು ಮಾಯವಾಯಿತು. ಹನುಮಂತಮ್ಮ, ವನಜಮ್ಮ ಎಲ್ಲರೂ ಹಿಂದೆ ನಿಂತು ನೋಡುತ್ತಿದ್ದರು.

"ಈಗ ಗೊತ್ತಾಯ್ತಾ ಸಾರ್? ಅವಳ ತಪ್ಪಲ್ಲ. ರಾಹುಕಾಲದ್ದು."

ಜಯರಾಮಯ್ಯನವರ ಮುಖ ಅರಳಿತು. ಕಮಲಳಿಗೆ ಒಂದು ಕ್ಷಣ ಉಸಿರು ಬಂದಂತಾಯಿತು.

"ನೋಡಿದ್ಯಾ?" ಎಂದರು ಅವರು. "ನಮ್ಮ ತಂದೆ ಸುಮ್ನೆ ಹೇಳ್ತಿರಲಿಲ್ಲ. ರಾಹುಕಾಲದಲ್ಲಿ ಕೈಯಿಟ್ರೆ ಇದೇ ಗತಿ! ಸೋಮವಾರದಿಂದ ಆ ಹೊತ್ತಲ್ಲಿ ಯಾರೂ ಮಿಷಿನ್ ಮುಟ್ಟಕೂಡದು. ಅಷ್ಟು ಹೊತ್ತಿನ ಸಂಬಳಾನೂ ಇಲ್ಲ. ಅಷ್ಟೂ ಗೊತ್ತಿಲ್ಲದೆ ಕೆಲಸ ಮಾಡಿದೋಳು ಮನೇಲಿರಲಿ."

ಇಂಥ ಮನುಷ್ಯನಿಗೆ ಸಾಕ್ಷಿ ತೋರಿಸುವುದೆಂದರೆ ಅವನ ಕೈಗೇ ಇನ್ನೊಂದು ಬೆತ್ತ ಕೊಟ್ಟ ಹಾಗೆ ಎಂಬುದು ಕಮಲಳಿಗೆ ಆಗ ತಿಳಿಯಿತು.

ಅವರು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರು. ಕಮಲ ಬಾಗಿಲು ಎಳೆದು ಕೂತಳು. ಮೂಲೆಯ ಗಡಿಯಾರ, ಬಳ್ಳಿಯ ಅಂಚು ಕಿತ್ತಳು. ಲೆಕ್ಕದ ಯಂತ್ರ ಕಿತ್ತಳು. ತಿಥಿ, ನಕ್ಷತ್ರ ಕಿತ್ತಳು. ರಾಹುಕಾಲದ ಕಾವಲನ್ನು ಬೇರುಸಹಿತ ಕಿತ್ತಳು. ಲಕ್ಷ್ಮಿಯನ್ನು ಮಾತ್ರ ಗಂಟೆಯ ಸಮೇತ ಬಾಗಿಲಲ್ಲೇ ಉಳಿಸಿದಳು. ಯಜಮಾನರು ನೋಡುವುದು ಅಷ್ಟನ್ನೇ ತಾನೆ. ಒಳಗೆ ಬರೆಯುವುದು, ಅಳಿಸುವುದು, ಹುಡುಕುವುದು, ಆಗಾಗ ತಾನೇ ಉಳಿಸುವುದು. ಬೇರೇನಿಲ್ಲ. ಅದನ್ನು ನಾಲ್ಕೂ ಯಂತ್ರಗಳಿಗೆ ಹಾಕಿದಳು.

ವನಜಮ್ಮ ಒಂದು ಸಾಲು ಒತ್ತಿ ನೋಡಿ ಬೆರಳು ಹಿಂದೆಳೆದುಕೊಂಡಳು. "ಅಯ್ಯೋ, ಕೈಗಿಂತ ಮುಂಚೆ ಓಡ್ತದಲ್ಲೇ ಇದು!"

ಜಯರಾಮಯ್ಯ ವಾಪಸು ಬಂದಾಗ ಕಮಲ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದಳು. "ಹನುಮಂತಮ್ಮನ್ನ ಕಳಿಸೋದಾದ್ರೆ ನಾನೂ ಹೋಗ್ತೀನಿ ಸಾರ್. ಫೈಲ್ ಅಳಿಸಿದ್ದು ನಾನು ಬರೆದ ಪ್ರೋಗ್ರಾಮು, ಬರೆಸಿದ್ದು ನೀವು. ಇದ್ರಲ್ಲಿ ತಪ್ಪು ನಮ್ಮಿಬ್ಬರದು, ಅವಳದ್ದಲ್ಲ."

"ಹೋಗಮ್ಮ. ಎಡಿಟರ್ ಪೂರ್ತಿ ಆಗಿದೆಯಲ್ಲ, ಇನ್ನು ನಿನ್ನ ಕೆಲಸವಾದರೂ ಏನಿದೆ?"

ಇಬ್ಬರೂ ಮೆಟ್ಟಿಲಿಳಿದು ಬೀದಿಗೆ ಬಂದರು. ಹನುಮಂತಮ್ಮ ಊಟದ ಡಬ್ಬಿಯನ್ನು ಎದೆಗವಚಿಕೊಂಡಿದ್ದಳು. ಚೇಳೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೆ ಬಸ್ಸು ಬಂದೇ ಬರುತ್ತದೆ.

"ನೀನ್ಯಾಕಕ್ಕ ಬಂದೆ? ನಿನ್ನ ಕೆಲಸಾನೂ ಹೋಯ್ತು, ನಂದೂ ಉಳೀಲಿಲ್ಲ."

ಕುಣಿಗಲ್ಲಿನಲ್ಲಿ ತಾಯಿಗೆ ಏನು ಹೇಳಬೇಕೆಂದು ಕಮಲಳಿಗೂ ತೋಚಿರಲಿಲ್ಲ. ಅಷ್ಟರಲ್ಲಿ ಬಟ್ಟೆ ಅಂಗಡಿಯ ದೀಪ ಆರಿತು. ಬೀದಿಯ ರೇಡಿಯೊಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಇಬ್ಬರೂ ನಿಂತಲ್ಲೇ ತಲೆಯೆತ್ತಿ ಮಹಡಿಯನ್ನು ನೋಡಿದರು. ಕಾದರು. ದೀಪ ಬಂತು. ಮೇಲೆ ಗಂಟೆ ಬಾರಿಸಿದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ತುಂಬಾ ಹೊತ್ತು ಏನೂ ಇಲ್ಲ.

ಕಿಟಕಿಯ ರೆಕ್ಕೆ ದಢಾರನೆ ತೆರೆಯಿತು. ವನಜಮ್ಮ ಅರ್ಧ ಮೈ ಹೊರಗೆ ಹಾಕಿ, ಯಜಮಾನರಿದ್ದಾರೆಂಬ ಎಗ್ಗಿಲ್ಲದೆ ಕೂಗಿದಳು.

"ಐತೆ ಕಣೇ ಕಮಲಾ! ಎಲ್ಲಾ ಐತೆ!"

ಹನುಮಂತಮ್ಮ ಆಗ ಅತ್ತಳು, ರಸ್ತೆಯ ನಡುವೆ, ಡಬ್ಬಿ ಹಿಡಿದುಕೊಂಡೇ.