ಒರೆಸಿಟ್ಟ ಸಿಗಡಿ

ಶಿವಾಜಿನಗರದ ಮೀನು ಮಾರುಕಟ್ಟೆಯಲ್ಲಿ ಜಟ್ಟೆಪ್ಪನಷ್ಟು ಚೊಕ್ಕಟವಾಗಿ ಸಿಗಡಿ ಆರಿಸುವವರು ಈ ಭೂಮಂಡಲದಲ್ಲೇ ಇಲ್ಲ. ಇದ್ದರೆ ಅವರಿಗೂ ಇವನೇ ಕಲಿಸಿರಬೇಕು. ಯಾದಗಿರಿ ಕಡೆಯಿಂದ ಬಂದು ಹೊರಮಾವಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಈ ಪುಣ್ಯಾತ್ಮ ಹುಟ್ಟಿದ ಮೇಲೆ ಸಮುದ್ರ ನೋಡಿದವನಲ್ಲ. ಆದರೆ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಸಾಕು, ಅವನ ಮೂಗು ಅರಬ್ಬಿ ಸಮುದ್ರದ ತಳ ಮುಟ್ಟಿ ವಾಪಸ್ಸು ಬರುತ್ತಿತ್ತು. ಅವನ ಕೈಗೆ ಬಂದ ಸತ್ತ ಸಿಗಡಿಗಳೂ ಮೀಸೆ ನೆಟ್ಟಗೆ ಮಾಡಿಕೊಳ್ಳುತ್ತಿದ್ದವು.

ದೀಪಾವಳಿ ಕಳೆದಾಗಿನಿಂದ ಐದು ತಿಂಗಳು, ಹದಿನೈದು ದಿನಕ್ಕೊಮ್ಮೆ, ಬಾಣಸವಾಡಿಯ ನಿಖಿತಾ ಅವನ ಕಟ್ಟೆಗೆ ಬರುತ್ತಿದ್ದಳು. ಅವಳು ಸಂಶೋಧನಾ ಸಂಸ್ಥೆಯೊಂದರವಳು. ಆಳಸಮುದ್ರದ ಕೆಂಪು ಸಿಗಡಿ ಇನ್ನೆಷ್ಟು ಉಳಿದಿದೆ, ಯಾವ ತಿಂಗಳು ಎಷ್ಟು ಹಿಡಿದರೆ ಸಂತತಿ ಉಳಿದೀತು ಎಂದು ತಿಳಿಯುವುದು ಅವಳ ಕೆಲಸ. ಅದಕ್ಕಾಗಿ ಬಂದರಿನ ಲಾರಿಯಲ್ಲಿ ಬಂದ ಸಿಗಡಿಗಳಲ್ಲಿ ಇನ್ನೂರನ್ನು ಅಳೆದು, ಹೆಣ್ಣೆಷ್ಟು, ಹೊಟ್ಟೆಯಡಿ ಮೊಟ್ಟೆ ಹೊತ್ತವೆಷ್ಟು ಎಂದು ಬರೆದುಕೊಳ್ಳುತ್ತಿದ್ದಳು. ಅವಳು ಬರುವಷ್ಟರಲ್ಲಿ ಜಟ್ಟೆಪ್ಪ ಆ ಇನ್ನೂರನ್ನು ಆರಿಸಿ ತಟ್ಟೆ ಸಿದ್ಧಮಾಡಿಟ್ಟಿರುತ್ತಿದ್ದ. ಆ ತಟ್ಟೆಯ ಹೊಳಪಿಗೆ ಮಾರುಕಟ್ಟೆಯ ಬಲ್ಬುಗಳು ನಾಚಿ ಆರಿಹೋಗಬೇಕು!

"ಏನಪ್ಪಾ ಜಟ್ಟೆಪ್ಪ, ಸಿಗಡಿಗೆ ಮದುವೆ ಹೆಣ್ಣಿನ ಥರ ಅಲಂಕಾರ ಮಾಡ್ತೀಯ! ನಂಗೊಂದ್ ದಿನಾನಾದ್ರೂ ಹಿಂಗೆ ಮಾಡ್ಕೊಟ್ಟಿದೀಯಾ?" ಎಂದು ಪಕ್ಕದ ಕಟ್ಟೆಯಲ್ಲಿ ಬಂಗುಡೆ ಮಾರುವ ಮಾರಿಯಾ ಕೆಣಕುತ್ತಿದ್ದಳು.

"ನೀ ಏನ್ ಪುಸ್ತಕ ಬರೀತೀಯೇನ್ ಮಾರಿಯಾಬಾಯಿ? ಅಕ್ಕಾರ ಪುಸ್ತಕದಾಗ ನನ್ ಹೆಸ್ರು ಬರ್ತೈತಿ."

ಅದು ನಿಜ. ವರದಿಯಲ್ಲಿ ನಿಮ್ಮ ಹೆಸರು ಹಾಕುತ್ತೇನೆಂದು ನಿಖಿತಾ ಮಾತು ಕೊಟ್ಟಿದ್ದಳು. ಜಟ್ಟೆಪ್ಪ ಅದನ್ನು ಫೋನಿನಲ್ಲಿ ಊರಿಗೆ ಎಷ್ಟು ಜೋರಾಗಿ ಹೇಳಿದ್ದನೆಂದರೆ, ಫೋನೇ ಬೇಕಿರಲಿಲ್ಲ.

ಅಂದು ಬೆಳಗ್ಗೆ ನಿಖಿತಾ ಅಳತೆ ಮುಗಿಸಿ ಪುಸ್ತಕ ಮುಚ್ಚಿದಳು. "ಇದೇ ಕೊನೇದು, ಜಟ್ಟೆಪ್ಪ. ನಾಳೆ ರಿಪೋರ್ಟ್ ಕೊಟ್ಬಿಡ್ತೀನಿ. ಈ ಐದು ತಿಂಗಳಲ್ಲಿ ಮೊಟ್ಟೆ ಇರೋದು ಒಂದೂ ಸಿಗ್ಲಿಲ್ಲ. ಇದು ಅವು ಮರಿ ಮಾಡೋ ಕಾಲ ಅಲ್ಲ, ಈ ತಿಂಗಳುಗಳಲ್ಲಿ ಇನ್ನೂ ಹೆಚ್ಚು ಬೋಟ್ ಬಿಡ್ಬಹುದು ಅಂತ ಬರ್ದಿದೀನಿ."

ಜಟ್ಟೆಪ್ಪನ ಕೈಲಿದ್ದ ಐಸು ಕರಗಿ ಮೊಣಕೈವರೆಗೆ ಇಳಿಯಿತು. ಬಾಯಿ ಮುಚ್ಚಿಕೊಂಡಿದ್ದರೆ ಹೆಸರು ಅಚ್ಚಾಗುತ್ತದೆ. ತೆರೆದರೆ ಇಡೀ ಮಾರುಕಟ್ಟೆ ನಗುತ್ತದೆ. ಆದರೆ ಇನ್ನಷ್ಟು ಬೋಟುಗಳು ಆ ತಾಯಿ ಸಿಗಡಿಗಳನ್ನೇ ಬಾಚಿಕೊಂಡು ಬಂದರೆ?

"ನಿಂದರ್ರಿ ಅಕ್ಕಾರ," ಎಂದ. "ತತ್ತಿ ಇದ್ದುವ್ರಿ."

"ಎಲ್ಲಿ?"

"ಹೊಟ್ಟಿ ತುಂಬ ಇದ್ದುವ್ರಿ. ನಾನೇ ಒರಸಿ ಒರಸಿ ಇಟ್ಟೀನ್ರಿ. ಗಿರಾಕಿ ಅದನ್ನ ಹೊಲಸು ಅಂತಾರ, ಅದಕ್ಕ ನಮ್ ಅಂಗಡ್ಯಾಗ ಒರಸೇ ಮಾರೋದು. ನೀವಂತೂ ಓದಿದವ್ರು, ಹೊಲಸು ಹ್ಯಾಂಗ್ ಕೊಡ್ಲಿ? ದೊಡ್ಡದೊಡ್ಡವೇ ಆರಿಸಿ, ತೊಳದು..." ಕಟ್ಟೆಯ ಮೇಲಿದ್ದ ಒರೆಸುವ ಬಟ್ಟೆಯನ್ನು ಪಕ್ಕಕ್ಕೆಸೆದ. "ಹೆಸರು ಹಾಕಬ್ಯಾಡ್ರಿ."

ಮಾರಿಯಾ ನಗಲು ಬಾಯಿ ತೆರೆದವಳು ನಿಖಿತಾಳ ಮುಖ ನೋಡಿ ಹಾಗೇ ಮುಚ್ಚಿಕೊಂಡಳು.

ನಿಖಿತಾ ಬೈಯಲಿಲ್ಲ. ಲಾರಿಯಿಂದ ಆಗಷ್ಟೇ ಇಳಿದಿದ್ದ ಪೆಟ್ಟಿಗೆಯೊಂದನ್ನು ನೆಲದ ಮೇಲೆ ಸುರಿದು, ಕೈಗೆ ಸಿಕ್ಕಿದ್ದನ್ನು ಸಿಕ್ಕಂತೆ ಎಣಿಸಿದಳು. ಇನ್ನೂರರಲ್ಲಿ ನೂರಹದಿನೇಳು ಮೊಟ್ಟೆ ಹೊತ್ತಿದ್ದವು. ಬೆರಳುದ್ದವೂ ಇಲ್ಲದ ಮರಿಗಳು ಇಷ್ಟಿವೆಯೆಂದು ಅವಳಿಗೆ ಈವರೆಗೆ ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ಮಾರುಕಟ್ಟೆ ಎಷ್ಟು ನಿಶ್ಶಬ್ದವಾಯಿತೆಂದರೆ, ಹಲಸೂರಿನ ಕೆರೆಯಲ್ಲಿ ಕಪ್ಪೆ ಕೆಮ್ಮಿದ್ದು ಇಲ್ಲಿಗೆ ಕೇಳಿಸಿತು.

ಅವಳು ಮೇಲಧಿಕಾರಿಗೆ ಫೋನ್ ಮಾಡಿದಳು. "ಸುಗತ ಸರ್, ರಿಪೋರ್ಟ್ ನಾಳೆ ಕೊಡೋಕಾಗಲ್ಲ. ಐದು ತಿಂಗಳದ್ದೂ ತಪ್ಪು... ಮುಂದಿನ ಚಳಿಗಾಲ ಪೂರ್ತಿ ಬೇಕು ಸರ್... ಯಾರ ತಪ್ಪು ಅಂದ್ರೆ..."

ಜಟ್ಟೆಪ್ಪ ನೆಲ ನೋಡುತ್ತ ನಿಂತ.

"ನಂದೇ ಸರ್. ರೆಡಿ ಮಾಡಿಟ್ಟಿದ್ದನ್ನೇ ತಗೊಂಡೆ. ಪೆಟ್ಟಿಗೆ ಹೆಂಗೆ ತುಂಬ್ತಾರೆ, ಹೆಂಗೆ ಆರಿಸ್ತಾರೆ ಅಂತ ಒಂದ್ ದಿನಾನೂ ಕೇಳ್ಲಿಲ್ಲ."

ಆಚೆಯವರು ಬಹಳ ಹೊತ್ತು ಬೈದರು. ಅವಳು ಫೋನ್ ಇಟ್ಟು ಕಣ್ಣೊರೆಸಿಕೊಂಡಳು.

ಜಟ್ಟೆಪ್ಪ ಲಾರಿಯಿಂದ ಇನ್ನೊಂದು ಪೆಟ್ಟಿಗೆ ಹೊತ್ತು ತಂದು ಅವಳ ಮುಂದಿಟ್ಟ. ಮುಚ್ಚಳ ಮುಟ್ಟದೆ ಎರಡು ಹೆಜ್ಜೆ ಹಿಂದೆ ಸರಿದ.

"ನೀವೇ ತಗೀರಿ, ಅಕ್ಕಾರ."