“ಆಕಿಗಿ ಯಾರರ ಕೇಳಿದ್ರೇನ್ರಿ?”

ಸೇಡಂನ ಹಳೆಯ ಕಟ್ಟಡವೊಂದರ ಎರಡು ಕೋಣೆಗಳಲ್ಲಿ ಊರವರೇ ಸೇರಿ ಚಿಕ್ಕ ವಸ್ತುಸಂಗ್ರಹಾಲಯ ನಡೆಸುತ್ತಿದ್ದರು. ಶನಿವಾರ ಬಂತೆಂದರೆ ಸುತ್ತಲಿನ ಯಾವುದಾದರೂ ಶಾಲೆಯ ಮಕ್ಕಳು ಬರುತ್ತಿದ್ದರು. ಅವರಿಗೆ ಪಾಠ ಹೇಳುತ್ತಿದ್ದವಳು ಶಿವರಂಜನಿ. ಕಲ್ಲು, ನಾಣ್ಯ, ಮಡಕೆಚೂರು ತೋರಿಸಿ, ಮಕ್ಕಳೇ ಬಾಯಿಬಿಟ್ಟು ಪ್ರಶ್ನೆ ಕೇಳುವ ತನಕ ಅವಳು ಬಿಡುತ್ತಿರಲಿಲ್ಲ.

ಅವತ್ತು ಕುರಕುಂಟಾ ಶಾಲೆಯ ಹುಡುಗಿಯರು ಮಾಸ್ತಿಕಲ್ಲಿನ ಮುಂದೆ ನಿಂತಿದ್ದರು. ಕಂಬದಿಂದ ಚಾಚಿದ ಒಂದು ತೋಳು, ಅದರ ತುಂಬ ಬಳೆ. ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿಗಾಗಿ ನೆಟ್ಟ ಕಲ್ಲು ಇದು ಎಂದು ಶಿವರಂಜನಿ ವಿವರಿಸಿದಳು. ಒಂಬತ್ತನೆಯ ತರಗತಿಯ ದೇವಿಕಾ ಆ ತೋಳಿನಿಂದ ಕಣ್ಣು ತೆಗೆಯಲಿಲ್ಲ.

“ಮೇಡಂ, ಆಕಿಗಿ ಯಾರರ ಕೇಳಿದ್ರೇನ್ರಿ?”

“ಏನಂತ?”

“ಸಾಯ್ತಿಯೇನು ಅಂತ.”

“ಕಲ್ಲಿನ್ಯಾಗ ಅದು ಬರದಿಲ್ಲ,” ಎಂದಳು ಶಿವರಂಜನಿ. “ಗಂಡನ ಹೆಸರದ, ಅವನಪ್ಪನ ಹೆಸರದ. ಆಕಿ ಹೆಸರೇ ಇಲ್ಲ. ಕೇಳಿರಲಿಕ್ಕಿಲ್ಲ ಅಂತ ನನಗನಸ್ತದ.”

ಈ ಮಾತು ಸಂಗ್ರಹಾಲಯದ ಅಧ್ಯಕ್ಷರಾದ ಹಣಮಂತರಾಯ ಗೌಡರಿಗೆ ಮುಟ್ಟಿತು. ಆ ಕಲ್ಲು ಅವರ ಹೊಲದಲ್ಲಿದ್ದದ್ದು. ಇಲ್ಲಿಗೆ ತರುವ ಮುಂಚೆ ಮನೆಯವರೆಲ್ಲ ಅದಕ್ಕೆ ಪೂಜೆ ಮಾಡುತ್ತಿದ್ದರು. ಅವರು ಸಿಟ್ಟಿನಿಂದಲೇ ಬಂದರು.

“ಆಕಿ ನಮ್ಮ ಮನಿತನದ ದೇವ್ರು. ನಗನಗತಾ ಬೆಂಕಿ ಹೊಕ್ಕಾಳ. ಮಕ್ಕಳಿಗಿ ಹಂಗೇ ಹೇಳು.”

“ನಗನಗತಾ ಅಂತ ಎಲ್ಲಿ ಬರದಾರ ಗೌಡ್ರ? ತೋರಸ್ರಿ, ಹೇಳತೀನಿ.”

“ಹಂಗಾದ್ರ ಆ ಕಲ್ಲಿನ ಪಾಠೇ ಬ್ಯಾಡ!”

ಮರುದಿನ ಕಲ್ಲಿಗೆ ಹಸಿರು ಪರದೆ ಬಿತ್ತು.

ಮುಂದಿನ ಶನಿವಾರ ಅದೇ ಶಾಲೆಯ ಉಳಿದ ಹುಡುಗಿಯರು ಬಂದರು. ದೇವಿಕಾ ಹಟಹಿಡಿದು ಅವರ ಜೊತೆ ಮತ್ತೆ ಬಂದಿದ್ದಳು. ಹಣಮಂತರಾಯರೂ ಹೆಂಡತಿ ಅಮೃತಮ್ಮನೊಂದಿಗೆ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಶಿವರಂಜನಿ ನೆಟ್ಟಗೆ ಹೋಗಿ ಪರದೆ ಎಳೆದು ಕೆಳಗೆ ಹಾಕಿದಳು.

“ಏ, ನಾ ಏನು ಹೇಳಿದ್ದೆ?”

“ಹೇಳಿದ್ರಿ ಗೌಡ್ರ. ನಾ ಹೂಂ ಅಂದಿಲ್ಲ.”

“ಸೋಮವಾರದಿಂದ ಈ ಕಡಿ ಬರಬ್ಯಾಡ.”

“ಈ ಪಾಠ ಮುಗಸ್ತೀನಿ. ಆಮ್ಯಾಲ ಮಾತಾಡೂಣು.”

ಹಣಮಂತರಾಯರು ಹುಡುಗಿಯರ ಕಡೆ ತಿರುಗಿ, “ಎಲ್ಲರೂ ಹೊರಗ ನಡೀರಿ,” ಎಂದು ಗದರಿದರು. ದೇವಿಕಾ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಅವಳನ್ನು ನೋಡಿ ಮತ್ತೊಬ್ಬಳು, ಆಮೇಲೆ ಎಲ್ಲರೂ ಕೂತರು.

ಅಮೃತಮ್ಮ ಮೆಲ್ಲಗೆ ಎದ್ದರು. ಹೊರಗೆ ಹೋಗುತ್ತಾರೆಂದು ಗಂಡ ದಾರಿಬಿಟ್ಟರೆ, ಅವರು ಹೋಗಿ ಹುಡುಗಿಯರ ಹಿಂದೆ ಕೂತರು.

“ಮದಿವ್ಯಾಗಿ ಬಂದಾಗಿಂದ ಈಕಿಗಿ ಅರಿಶಿಣ ಕುಂಕುಮ ಹಚ್ಚೀನಿ,” ಎಂದರು ಗಂಡನಿಗೆ. “ಒಂದಿನಾನೂ ಈಕಿ ಹೆಸರೇನು ಅಂತ ನಾ ಕೇಳಲಿಲ್ಲ, ನೀವೂ ಹೇಳಲಿಲ್ಲ. ಹೇಳವ್ವ ಶಿವರಂಜನಿ, ನಾನೂ ಕೇಳತೀನಿ.”

ಹಣಮಂತರಾಯರು ಹೋಗಿ ಕಾರಿನಲ್ಲಿ ಕೂತರು. ಒಳಗೆ ಪಾಠ ನಡೆಯಿತು. ಕಲ್ಲಿನ ಹೆಂಗಸಿಗೆ ವಯಸ್ಸೆಷ್ಟಿತ್ತು, ಮಕ್ಕಳಿದ್ದವೇ, ತವರಿನವರು ಬಂದಿದ್ದರೇ ಎಂದು ಹುಡುಗಿಯರು ಕೇಳಿದರು. ಬಹಳಷ್ಟಕ್ಕೆ ಶಿವರಂಜನಿ “ಗೊತ್ತಿಲ್ಲ” ಎಂದೇ ಹೇಳಿದಳು, ಹಾಗೆನ್ನಲು ನಾಚಲಿಲ್ಲ.

ಸೋಮವಾರ ಅವಳು ಎಂದಿನಂತೆ ಬಂದು ಬೀಗ ತೆಗೆದಳು. ಮಧ್ಯಾಹ್ನ ಹಣಮಂತರಾಯರು ಬಂದು ಕಲ್ಲಿನ ಮುಂದೆ ನಿಂತರು.

“ಪಾಠ ಹೇಳು. ನಮ್ಮ ಮನಿತನದ ಹೆಸರು ಮಾತ್ರ ಹೇಳಬ್ಯಾಡ.”

“ಮಕ್ಕಳು ಕೇಳಿದ್ರ ಹೇಳತೀನ್ರಿ.”

ಅವರು ಅವಳನ್ನು ದಿಟ್ಟಿಸಿ ನೋಡಿ ಹೊರಟುಹೋದರು. ಶಿವರಂಜನಿ ಶಹಾಬಾದಿನ ಶಾಲೆಗೆ ಫೋನು ಹಚ್ಚಿ, ಬರುವ ಶನಿವಾರ ಮಕ್ಕಳನ್ನು ಕರೆತರಲು ಹೇಳಿದಳು.