ಹನ್ನೊಂದನೆಯ ವಾರದ ಚರ್ಚೆ

ಪ್ರತಿ ಸೆಮಿಸ್ಟರಿನ ಹನ್ನೊಂದನೆಯ ವಾರ ಲಿಯೊನಿದಾ ಟೀಚರ್ ತರಗತಿಯನ್ನು ಎರಡು ಪಂಗಡ ಮಾಡಿ ಒಂದೇ ಪ್ರಶ್ನೆಯ ಮೇಲೆ ಚರ್ಚೆಗೆ ಬಿಡುತ್ತಿದ್ದರು. ನಮ್ಮನ್ನು ಆಳುತ್ತಿದ್ದ ಪರದೇಶೀಯರು ಗುಂಡಿಕ್ಕಿ ಕೊಲ್ಲುವ ಹಿಂದಿನ ದಿನ, ಸೆರೆಮನೆಯ ಕೋಣೆಯಲ್ಲಿ, ನಮ್ಮ ರಾಷ್ಟ್ರನಾಯಕರು ಚರ್ಚಿನ ವಿರುದ್ಧ ತಾವು ಬರೆದದ್ದೆಲ್ಲ ತಪ್ಪೆಂದು ಒಪ್ಪಿ ಕಾಗದಕ್ಕೆ ಸಹಿ ಹಾಕಿದರೋ, ಇಲ್ಲವೋ? ಹಾಕಿದರೆಂದು ಪಾದ್ರಿಗಳು ಹೇಳಿದರು. ಮನೆಯವರಿಗೆ ಆ ಕಾಗದವನ್ನು ತೋರಿಸಲಿಲ್ಲ. ಮೂವತ್ತೊಂಬತ್ತು ವರ್ಷ ಕಳೆದ ಮೇಲೆ ಹಳೆಯ ಕಡತಗಳ ನಡುವೆ ಒಂದು ಕಾಗದ ಸಿಕ್ಕಿತು. ಅದರಲ್ಲಿರುವುದು ಅವರದೇ ಕೈಬರಹವೋ ಅಲ್ಲವೋ ಎಂಬ ಜಗಳ ಇಂದಿಗೂ ಮುಗಿದಿಲ್ಲ.

ಕಾಲೇಜಿನ ಮೆಟ್ಟಿಲು ಹತ್ತಿದವರೆಲ್ಲ, ಹಡಗಿನ ಕೆಲಸ ಕಲಿಯುವವರಾಗಲಿ ಅಡುಗೆ ಕಲಿಯುವವರಾಗಲಿ, ನಾಯಕರ ಬದುಕು ಬರಹಗಳ ಈ ಪಾಠವನ್ನು ಓದಿ ಪಾಸಾಗಲೇಬೇಕು, ಕಾನೂನೇ ಹಾಗಿದೆ. ಲಿಯೊನಿದಾ ಓದಿದ್ದು ರಸಾಯನಶಾಸ್ತ್ರ. ಒಂಬತ್ತು ವರ್ಷದ ಹಿಂದೆ ಇತಿಹಾಸದ ಮೇಷ್ಟ್ರು ನಿವೃತ್ತರಾದಾಗ, ಪಾಠದ ಗಂಟೆ ಕಡಿಮೆ ಇದೆಯೆಂದು ಇದನ್ನು ಇವರ ಕೊರಳಿಗೆ ಕಟ್ಟಿದರು. ಇವರು ಅದನ್ನು ಪ್ರಯೋಗಶಾಲೆಯಲ್ಲೇ, ಪ್ರಯೋಗದ ಹಾಗೆಯೇ ಕಲಿಸಿದರು. ಕಂಡವರು ಯಾರು? ಎಷ್ಟು ದೂರದಿಂದ ಕಂಡರು? ಬರೆದಿಟ್ಟದ್ದು ಅಂದೇನಾ, ಆಮೇಲಾ? ಯಾರು ಯಾವ ಪಕ್ಷ ಎಂಬುದನ್ನು ಮನಸ್ಸು ತೀರ್ಮಾನಿಸಬಾರದು, ಚೀಟಿ ತೀರ್ಮಾನಿಸಬೇಕು. ಚೀಟಿಗಳನ್ನು ಅವರು ಗಾಜಿನ ಬೀಕರಿನಲ್ಲಿ ಹಾಕಿ ಕಲಕುತ್ತಿದ್ದರು.

ಈ ಸಲ ರೆಯಲಿನ್‌ಗೆ ಬಂದದ್ದು 'ಸಹಿ ಹಾಕಿದರು' ಎಂಬ ಚೀಟಿ.

"ಏನೇ ರೆಯಾ, ಪಾದ್ರಿಗಳ ಪಾರ್ಟಿ ಸೇರಿಬಿಟ್ಯಾ?" ಎಂದು ಹಿಂದಿನ ಬೆಂಚಿನ ಡೊಮಿನಾರ್ ಕೆಣಕಿದ. "ಇನ್ಮೇಲೆ ಭಾನುವಾರ ಚರ್ಚಲ್ಲಿ ಫ್ಯಾನ್ ಕೆಳಗೇ ಸೀಟು ನಿಂಗೆ."

"ನಿನ್ನ ಫ್ಯಾನ್ ಕೆಳಗೆ ಕೂರ್ಸಿದ್ರೂ ತಲೆಗೆ ಗಾಳಿ ಹೋಗಲ್ಲ, ಸುಮ್ನಿರೋ," ಎಂದಳು ರೆಯಲಿನ್. ಎಲ್ಲರೂ ನಕ್ಕರು. ಅವಳು ಮಾತ್ರ ನಗಲಿಲ್ಲ. ಎರಡು ತಿಂಗಳಿಂದ ಅವಳು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಅವಳ ಅಣ್ಣ ಎಲ್ಮರ್‌ನನ್ನು ಪೊಲೀಸರು ಕೊಂದು ಅಷ್ಟೇ ದಿನವಾಗಿತ್ತು.

ಸರೋವರದಲ್ಲಿ ಯಾರದೋ ಮೀನು ಸಾಕುವ ಬಲೆಗೂಡುಗಳನ್ನು ಕಾಯುತ್ತಿದ್ದ ಹುಡುಗ ಅವನು. ಜುಲೈನ ಒಂದು ಸಂಜೆ, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಐಸ್ ಫ್ಯಾಕ್ಟರಿಯ ಹಿಂಗೋಡೆಯ ಬಳಿ ಸತ್ತ. ಮಾದಕ ವಸ್ತು ಮಾರುತ್ತಿದ್ದ, ಹಿಡಿಯಲು ಹೋದಾಗ ಪಿಸ್ತೂಲು ತೆಗೆದು ಎದುರು ಬಿದ್ದ ಎಂದು ಪೊಲೀಸರ ವರದಿ ಹೇಳಿತು. ಆ ವರ್ಷ ಪೊಲೀಸರ ಕೈಯಲ್ಲಿ ಸತ್ತವರೆಲ್ಲ, ವರದಿಗಳ ಪ್ರಕಾರ, ಎದುರು ಬಿದ್ದವರೇ.

ಆ ಗೋಡೆಯತ್ತ ತೆರೆಯುವುದು ಊರಿನಲ್ಲಿ ಒಂದೇ ಕಿಟಕಿ. ಅದು ಲಿಯೊನಿದಾ ಟೀಚರ್ ಮನೆಯ ಮಹಡಿಯ ಕಿಟಕಿ. ಒಗೆದ ಬಟ್ಟೆ ಹರವಲು ಬಂದವರು ನೋಡಿದರು: ಎಲ್ಮರ್ ಗೋಡೆಗೆ ಮುಖ ಮಾಡಿ ಮಂಡಿಯೂರಿದ್ದ, ಎರಡೂ ಕೈ ತಲೆಯ ಮೇಲಿದ್ದವು, ಮಾಮೂಲಿ ಅಂಗಿ ತೊಟ್ಟ ಇಬ್ಬರು ಅವನ ಹಿಂದೆ ನಿಂತಿದ್ದರು. ಮೂರು ಗುಂಡು. ಮಾರನೆಯ ದಿನ ಬಟ್ಟೆಯ ಹಗ್ಗವನ್ನೇ ಕಿಟಕಿಯಿಂದ ಗೋಡೆಯವರೆಗೆ ಎಳೆದು ಅಳೆದರು. ಹದಿಮೂರು ಮೀಟರ್ ಅರವತ್ತು ಸೆಂಟಿಮೀಟರ್. ಎಲ್ಮರ್‌ನ ತಾಯಿಯ ಜೊತೆ ವಕೀಲರ ಬಳಿ ಹೋಗಿ, ನಕ್ಷೆ ಬರೆದುಕೊಟ್ಟು, ಪ್ರಮಾಣ ಮಾಡಿ ಸಹಿ ಹಾಕಿ ಬಂದರು. ಮೊಕದ್ದಮೆ ನಿಂತದ್ದು ಆ ಎರಡು ಹಾಳೆಗಳ ಮೇಲೆ. ವಿಚಾರಣೆ ಚರ್ಚೆಯ ವಾರದ ಗುರುವಾರಕ್ಕೆ ಬಂದಿತ್ತು.

ಅದಕ್ಕೆ ಮುಂಚಿನ ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ವಾರ್ಡಿನ ಮುಖ್ಯಸ್ಥ, ಎಲ್ಲರೂ ಕಪಿತಾನ್ ಎಂದು ಕರೆಯುವ ದಪ್ಪ ಮನುಷ್ಯ, ಬಾಳೆಯೆಲೆಯಲ್ಲಿ ಸುಟ್ಟ ಅಕ್ಕಿರೊಟ್ಟಿ ಹಿಡಿದು ಮನೆಗೆ ಬಂದ. ಅವನ ಇಬ್ಬರು ಮಕ್ಕಳಿಗೂ ಲಿಯೊನಿದಾ ಪಾಠ ಹೇಳಿದ್ದರು.

"ಬಿಸಿ ಇದ್ದಾಗ್ಲೇ ತಿನ್ಬೇಕು ಟೀಚರಮ್ಮ. ತೆಂಗಿನಕಾಯಿ ಜಾಸ್ತಿ ಹಾಕ್ಸಿದೀನಿ." ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತ. "ನಿಮ್ಮ ಮಗ ಎಡ್ಸೆಲ್ ಎಲ್ಲಿ, ಕಾಣಲ್ಲ?"

"ಕೆಲಸಕ್ಕೆ ಹೋಗಿದಾನೆ. ಭಾನುವಾರಾನೂ ಜೀಪ್ ಓಡಿಸ್ತಾನೆ."

"ಬೆಳಗ್ಗೆ ಐದೂವರೆಗೆ ಮೊದಲ ಟ್ರಿಪ್ಪು, ಅಲ್ವಾ? ಒಳ್ಳೆ ಹುಡುಗ. ಹದಿನೆಂಟರ ವಯಸ್ನಲ್ಲಿ ಏನೋ ಸೇದಿ ಸಿಕ್ಕಾಕೊಂಡಿದ್ದ, ಬಿಡಿ, ಯಾರು ಸೇದಿಲ್ಲ? ಆದ್ರೆ ಆ ಹಳೇ ಹೆಸರುಗಳನ್ನೆಲ್ಲ ಮತ್ತೆ ಪಟ್ಟಿ ಮಾಡಿ ಪೊಲೀಸರಿಗೆ ಕಳ್ಸಿ ಅಂತ ಮೇಲಿಂದ ಬಂದಿದೆ." ರೊಟ್ಟಿಯ ಚೂರೊಂದನ್ನು ತಾನೇ ಮುರಿದು ಬಾಯಿಗೆ ಹಾಕಿಕೊಂಡ. "ಪಟ್ಟಿ ಬರೆಯೋನು ನಾನೇ. ಬರೆಯೋ ಕೈಗೆ ಒಂದು ಕಾರಣ ಬೇಕಲ್ಲ, ಟೀಚರಮ್ಮ, ಒಂದು ಹೆಸರು ಬಿಡೋಕೆ."

ಲಿಯೊನಿದಾ ಎದ್ದು ಅವನಿಗೆ ನೀರು ತಂದಿಟ್ಟರು.

"ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ನೀವು ಸುಳ್ಳು ಹೇಳಿದ್ರಿ ಅಂತ ಯಾರೂ ಅನ್ನಲ್ಲ. ವಯಸ್ಸಾಯ್ತು, ಕಣ್ಣು ಮಂಜು, ದೂರ ಇತ್ತು, ಸರಿಯಾಗಿ ಕಾಣ್ಲಿಲ್ಲ. ಅಷ್ಟು ಬರೆದ್ರೆ ಸಾಕು. ಟೈಪ್ ಮಾಡ್ಸಿಟ್ಟಿರ್ತೀನಿ. ಬುಧವಾರ ಐದು ಗಂಟೆ ಒಳಗೆ ಪುರಸಭೆಗೆ ಬಂದು ಒಂದು ಸಹಿ ಹಾಕಿ ಹೋಗಿ. ನಾನೇನೂ ಬಲವಂತ ಮಾಡಲ್ಲಪ್ಪ."

ಅವನು ಹೋದ ಮೇಲೆ ರೊಟ್ಟಿ ಮೇಜಿನ ಮೇಲೆ ತಣ್ಣಗಾಯಿತು. ಅದನ್ನು ಎಸೆಯಲೂ ಮನಸ್ಸು ಬಾರದೆ, ತಿನ್ನಲೂ ಮನಸ್ಸು ಬಾರದೆ, ಲಿಯೊನಿದಾ ಮುಚ್ಚಿಟ್ಟರು. ಸಂಜೆ ಎಡ್ಸೆಲ್ ಬಂದವನು, "ಯಾರಮ್ಮ ತಂದಿದ್ದು? ಚೆನ್ನಾಗಿದೆ," ಎಂದು ನಿಂತುಕೊಂಡೇ ಪೂರ್ತಿ ತಿಂದ.

ಬುಧವಾರವೇ ಚರ್ಚೆಯ ದಿನವೂ ಆಗಿತ್ತು.

ಮಧ್ಯಾಹ್ನ ಒಂದು ಗಂಟೆಗೆ 'ಹಾಕಿಲ್ಲ' ಎನ್ನುವ ಪಕ್ಷ ಮೊದಲು ಮಾತಾಡಿತು. ಕೈಬರಹದ ದೊಡ್ಡ ಪ್ರತಿಗಳನ್ನು ಗೋಡೆಗೆ ಅಂಟಿಸಿ, ಅಕ್ಷರಗಳ ಬಾಗನ್ನು ಕೋನಮಾಪಕ ಇಟ್ಟು ಅಳೆದು ತೋರಿಸಿದರು. ಡೊಮಿನಾರ್ ಎದ್ದು ನಿಂತು, "ಬೆಳಿಗ್ಗೆ ಗುಂಡಿಗೆ ಮುಂಚೆ ಮಿಲಿಟರಿ ಡಾಕ್ಟರು ನಾಡಿ ಹಿಡಿದು ನೋಡಿದ್ರಂತೆ. ಮಾಮೂಲಿ ಇತ್ತಂತೆ. ಹೆದರಿ ಸಹಿ ಹಾಕಿದ ಮನುಷ್ಯನ ನಾಡಿ ಹಾಗಿರುತ್ತಾ? ನಂಗೆ ಈಗ ನಿಮ್ಮೆದುರಿಗೆ ನಿಂತಿದ್ದಕ್ಕೇ ನೂರಿಪ್ಪತ್ತು ಓಡ್ತಿದೆ," ಎಂದ. ಚಪ್ಪಾಳೆ ಬಿತ್ತು.

ರೆಯಲಿನ್‌ಳ ಪಕ್ಷದವರು ಎಂದಿನ ಮಾತುಗಳನ್ನೇ ಹೇಳಿದರು. ಪ್ರೀತಿಸಿದವಳನ್ನು ಸಾಯುವ ಮುಂಚೆ ಚರ್ಚಿನ ಪ್ರಕಾರ ಮದುವೆಯಾಗಬೇಕಿತ್ತು, ಅದಕ್ಕೆ ಹಾಕಿದರು. ತಾಯಿಗೆ ಸಮಾಧಾನವಾಗಲಿ ಎಂದು ಹಾಕಿದರು. ಒಂಬತ್ತು ವರ್ಷದಲ್ಲಿ ಲಿಯೊನಿದಾ ಇವನ್ನು ಹದಿನೆಂಟು ಸಲ ಕೇಳಿದ್ದರು. ಅಂಕದ ಹಾಳೆಯ ಮೇಲೆ ಪೆನ್ನು ಇಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಕೊನೆಗೆ ರೆಯಲಿನ್ ಎದ್ದಳು. ಅವಳ ಕೈಯಲ್ಲಿ ಟಿಪ್ಪಣಿ ಇರಲಿಲ್ಲ.

"ಹಾಕಿದ್ರು ಅಂತಾನೇ ಇಟ್ಕೊಳ್ಳಿ. ಹಾಕಿದ್ರೆ ಏನಾಯ್ತು? ಅಕ್ಷರ ಅಳೀತಾ ಇದೀರಲ್ಲ, ಆ ಕೋಣೆ ಅಳೆದ್ರಾ? ಒಳಗೆ ಎಷ್ಟು ಜನ ಇದ್ರು, ಬಾಗಿಲಲ್ಲಿ ಯಾರು ನಿಂತಿದ್ರು, ಅವ್ರ ಕೈಯಲ್ಲಿ ಏನಿತ್ತು? ಒಬ್ಬನ್ನ ಒಳಗೆ ಕೂಡಿ, ಬಾಗಿಲಿಗೆ ಬಂದೂಕು ನಿಲ್ಸಿ ಬರೆಸ್ಕೊಂಡ ಕಾಗದದಲ್ಲಿ ಇಂಕು ಮಾತ್ರ ಅವನದು, ಮಾತು ಬಾಗಿಲಲ್ಲಿ ನಿಂತವನದು." ಸ್ವಲ್ಪ ನಿಲ್ಲಿಸಿದಳು. "ನಮ್ಮಣ್ಣನ ವಿಷಯದಲ್ಲೂ ಒಂದು ಕಾಗದ ಇದೆ. ಎದುರು ಬಿದ್ದ ಅಂತ ಬರೆದಿದೆ. ಅದನ್ನ ಓದಿದವರು ಯಾರೂ ಬಾಗಿಲ ಕಡೆ ನೋಡಲ್ಲ. ಅದಕ್ಕೇ ಹೇಳ್ತೀನಿ, ಸಹಿ ಹಾಕಿದ್ರೂ ಅವರು ಸಣ್ಣವರಾಗಲ್ಲ. ಹಾಕ್ಸಿಕೊಂಡವರು ಆಗ್ತಾರೆ."

ಡೊಮಿನಾರ್ ತಲೆ ತಗ್ಗಿಸಿ ಬೆಂಚಿನ ಮೇಲಿನ ಆಸಿಡ್ ಕಲೆಯನ್ನು ಉಗುರಿನಿಂದ ಕೆರೆಯುತ್ತಿದ್ದ. ಲಿಯೊನಿದಾ ಅಂಕ ಬರೆದರು: ಇಪ್ಪತ್ತೈದಕ್ಕೆ ಇಪ್ಪತ್ತೈದು. ಬರೆಯುವಾಗ ಅವರಿಗೆ ಬೆನ್ನ ಮೇಲಿನ ಮೂಟೆ ಇಳಿದ ಹಾಗಾಯಿತು. ಇಳಿದದ್ದು ಏಕೆಂದು ತಿಳಿದಾಗ ತಮ್ಮ ಮೇಲೆ ತಮಗೇ ಹೇಸಿಗೆ ಹುಟ್ಟಿತು. ಆದರೂ ಇಳಿದದ್ದಂತೂ ನಿಜ.

ಎಲ್ಲರೂ ಹೊರಟ ಮೇಲೆ ರೆಯಲಿನ್ ಹತ್ತಿರ ಬಂದಳು.

"ಮ್ಯಾಮ್, ನಾಳೆ ಕೋರ್ಟಿಗೆ ಏಳು ಗಂಟೆಗೆ ಚೌಕದ ಹತ್ರ ಜೀಪ್. ಅಮ್ಮ ನಿಮಗೆ ಮುಂದಿನ ಸೀಟ್ ಹೇಳಿಟ್ಟಿದಾರೆ, ಹಿಂದೆ ಕೂತ್ರೆ ನಿಮಗೆ ಹೊಟ್ಟೆ ತೊಳೆಸತ್ತಂತಲ್ಲ. ಜೋಳ ಬೇಯ್ಸಿ ತರ್ತಾರೆ, ಬೇಡ ಅನ್ಬೇಡಿ ಪ್ಲೀಸ್. ಅವರ ಹತ್ರ ಕೊಡೋಕೆ ಅದು ಬಿಟ್ರೆ ಏನೂ ಇಲ್ಲ."

"ಆಯ್ತಮ್ಮ," ಎಂದರು ಲಿಯೊನಿದಾ. ಮಾತು ಹೊರಟ ಮೇಲೆಯೇ ಅದು ಸುಳ್ಳೆಂದು ಅವರಿಗೆ ಗೊತ್ತಾಯಿತು.

ಪುರಸಭೆಯ ಎದುರಿನ ಚೌಕದಲ್ಲಿ ನಾಯಕರ ಸಿಮೆಂಟಿನ ಪ್ರತಿಮೆ ಬಿರುಬಿಸಿಲಲ್ಲೂ ಓವರ್‌ಕೋಟ್ ತೊಟ್ಟು, ಎದೆಗೆ ಪುಸ್ತಕ ಅವುಚಿ ನಿಂತಿತ್ತು. ವೃತ್ತಿಯಿಂದ ನಾಯಕರು ಕಣ್ಣಿನ ಡಾಕ್ಟರು. ತಮ್ಮ ತಾಯಿಯ ಪೊರೆಯನ್ನು ತಾವೇ ತೆಗೆದವರು. ಲಿಯೊನಿದಾ ತಲೆ ಎತ್ತದೆ ದಾಟಿಹೋದರು.

ನಾಲ್ಕು ಇಪ್ಪತ್ತು. ಕಚೇರಿಯಲ್ಲಿ ಗುಮಾಸ್ತೆಯೊಬ್ಬಳೇ ಫ್ಯಾನಿನ ಕೆಳಗೆ ಕುಳಿತಿದ್ದಳು.

"ಕಪಿತಾನ್ ತಿಂಡಿಗೆ ಹೋದ್ರು ಮ್ಯಾಮ್. ಯಾವಾಗ ಬರ್ತಾರೋ, ನೂಡಲ್ಸ್ ಅಂಗಡಿ ಅಂದ್ರೆ ಅವರಿಗೆ ಎರಡನೇ ಮನೆ. ನಿಮ್ಮ ಕಾಗದ ಇಲ್ಲೇ ಇದೆ. ಓದ್ಕೊಂಡು ಸಹಿ ಹಾಕಿ. ಬೇಕಾದ್ರೆ ನಾಳೆ ಬನ್ನಿ, ನನಗೇನು."

ಲಿಯೊನಿದಾ ಕುರ್ಚಿಯಲ್ಲಿ ಕುಳಿತರು. ಬಾಗಿಲು ತೆರೆದಿತ್ತು. ಅದರಾಚೆ ಚೌಕ, ಚೌಕದಾಚೆ ಜೀಪುಗಳು. ಒಬ್ಬ ಪೊಲೀಸನೂ ಇರಲಿಲ್ಲ. ಎದ್ದು ಹೋದರೆ ತಡೆಯುವವರು ಯಾರೂ ಇರಲಿಲ್ಲ. ಅವರು ಇಪ್ಪತ್ತು ನಿಮಿಷ ಕುಳಿತರು. ಯಾರಾದರೂ ಬಂದು ಗದರಲಿ, ಕೈ ಹಿಡಿದು ಒತ್ತಾಯಿಸಲಿ ಎಂದು ಕಾದರು. ಯಾರೂ ಬರಲಿಲ್ಲ. ಎಡ್ಸೆಲ್ ಬೆಳಗಿನ ಕತ್ತಲೆಯಲ್ಲಿ ಜೀಪಿನ ಗಾಜು ಒರೆಸುವುದು ಕಣ್ಣ ಮುಂದೆ ಬಂತು. ಅವನ ಹಿಂದೆ, ಮಾಮೂಲಿ ಅಂಗಿಯ ಇಬ್ಬರು.

ಕಾಗದ ಎತ್ತಿಕೊಂಡರು. ಸಣ್ಣ ಅಕ್ಷರ, ಮಸುಕು ಟೈಪು. ಕನ್ನಡಕವಿಲ್ಲದೆ ಕೊನೆಯ ಸಾಲಿನವರೆಗೂ ಓದಿದರು. ಅವರ ಬಳಿ ಕನ್ನಡಕವೇ ಇರಲಿಲ್ಲ, ಎಂದೂ ಬೇಕಾಗಿರಲಿಲ್ಲ. 'ನನ್ನ ದೃಷ್ಟಿ ಬಹಳ ಮಂದವಾಗಿದ್ದು, ಸುಮಾರು ನಲವತ್ತು ಮೀಟರ್ ದೂರದಿಂದ ನೋಡಿದ್ದರಿಂದ...' ಆ ಸಾಲಿಗೆ ಮರಳಿ ಬಂದು ಪೆನ್ನು ತೆಗೆದರು. 'ನಲವತ್ತು' ಎಂಬುದನ್ನು ಒಂದು ಗೆರೆಯಿಂದ ಹೊಡೆದುಹಾಕಿ, ಮೇಲೆ '13.60' ಎಂದು ಬರೆದರು.

ಗುಮಾಸ್ತೆ ಕತ್ತು ಚಾಚಿ ನೋಡಿದಳು. "ಇದೇನ್ ಮ್ಯಾಮ್, ಅಷ್ಟು ಹತ್ತಿರದಿಂದಾನೂ ಕಾಣ್ಲಿಲ್ವಾ?"

"ದೂರ ಇದ್ದದ್ದು ಅಷ್ಟೇ," ಎಂದರು ಲಿಯೊನಿದಾ.

"ಹಾಗಾದ್ರೆ ತಿದ್ದಿರೋ ಜಾಗದಲ್ಲೂ ಒಂದು ಸಹಿ ಹಾಕ್ಬಿಡಿ."

ಅವರು ಎರಡು ಸಹಿ ಹಾಕಿದರು.

ಗುರುವಾರ ಬೆಳಿಗ್ಗೆ ಏಳಕ್ಕೆ ಅವರು ಚೌಕಕ್ಕೆ ಹೋಗಲಿಲ್ಲ. ರೆಯಲಿನ್ ಮತ್ತು ಅವಳ ತಾಯಿ ಒಂದು ಜೀಪಿನ ಮುಂದಿನ ಸೀಟನ್ನು ಏಳೂವರೆಯವರೆಗೂ ಖಾಲಿ ಹಿಡಿದಿದ್ದರೆಂದು, ಡ್ರೈವರ್ ಬೈದ ಮೇಲೆ ಹೊರಟರೆಂದು ಎಡ್ಸೆಲ್ ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿದ. ಏಕೆಂದು ಅವನಿಗೆ ಗೊತ್ತಿರಲಿಲ್ಲ. ಸಾಕ್ಷಿಯಿಲ್ಲವೆಂದು ಅದೇ ದಿನ ಮೊಕದ್ದಮೆ ಬಿದ್ದುಹೋಯಿತು.

ಸೋಮವಾರ ರೆಯಲಿನ್ ತರಗತಿಗೆ ಬಂದು ಎಂದಿನ ಜಾಗದಲ್ಲೇ ಕುಳಿತಳು. ಲಿಯೊನಿದಾ ಚರ್ಚೆಯ ಅಂಕಗಳನ್ನು ಓದಿದರು. ಪಾಠ ಮಾಡಿದರು. ಏನು ಮಾಡಿದರೆಂದು ಅವರಿಗೆ ನೆನಪಿಲ್ಲ. ಗಂಟೆ ಹೊಡೆದು ಕೋಣೆ ಬರಿದಾದರೂ ಹುಡುಗಿ ಏಳಲಿಲ್ಲ.

"ಮ್ಯಾಮ್, ವಕೀಲರು ಆ ಕಾಗದ ತೋರಿಸಿದ್ರು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹದಿಮೂರು ಅರವತ್ತು ಅಂತ ತಿದ್ದಿರೋದು ನಿಮ್ಮ ಕೈಯೇ ಅಲ್ವಾ?"

"ಹೌದು."

"ಅಮ್ಮ ಅಳ್ತಾನೇ ಇದಾರೆ. ನಾನು ಹೇಳ್ದೆ, ಅಮ್ಮ, ಮ್ಯಾಮ್ ಹಾಗೆಲ್ಲ ಮಾಡೋರಲ್ಲ, ಯಾರೋ ನಿಂತು ಮಾಡ್ಸಿದಾರೆ ಅಂತ." ಅವಳು ಮುಂದಕ್ಕೆ ಬಾಗಿದಳು. "ಬಾಗಿಲಲ್ಲಿ ಯಾರು ನಿಂತಿದ್ರು ಮ್ಯಾಮ್?"

ಒಂದು ಹೆಸರು ಹೇಳಿದ್ದರೆ ಸಾಕಾಗುತ್ತಿತ್ತು. ಕಪಿತಾನ್ ಎಂದಿದ್ದರೆ ಅರ್ಧ ನಿಜವೂ ಆಗುತ್ತಿತ್ತು. ಹುಡುಗಿ ಕ್ಷಮಿಸಲು ಸಿದ್ಧಳಾಗಿಯೇ ಬಂದಿದ್ದಳು. ಅದು ಅವಳ ಮುಖದ ಮೇಲೆ ಬರೆದಿತ್ತು. ಅಷ್ಟು ದೂರದಿಂದಲೂ ಲಿಯೊನಿದಾ ಅದನ್ನು ಓದಬಲ್ಲವರಾಗಿದ್ದರು. ಆದರೆ ಕಂಡದ್ದನ್ನೇ ಹೇಳಬೇಕೆಂದು ಒಂಬತ್ತು ವರ್ಷ ಇದೇ ಕೋಣೆಯಲ್ಲಿ ಕಲಿಸಿದ್ದರು. ಒಂದು ಸುಳ್ಳಿಗೆ ಸಹಿ ಹಾಕಿದ ಮೇಲೆ ಉಳಿದಿದ್ದುದು ಇದೊಂದೇ.

"ಯಾರೂ ಇರಲಿಲ್ಲ," ಎಂದರು.

ರೆಯಲಿನ್ ನೋಟ್‌ಬುಕ್ ತೆರೆದು ಅದನ್ನು ಬರೆದುಕೊಂಡಳು, ಟೀಚರ್ ಕಲಿಸಿದ್ದ ಹಾಗೆ, ಹೇಳಿದವರ ಹೆಸರು, ತಾರೀಖು, ವೇಳೆಯ ಸಮೇತ.